ಮಿಷನರಿ ವಾರ

ಮಿಷನರಿ ವಾರ ಎಂದರೆ, ಪರದೇಶದಲ್ಲಿ ಪೂರ್ಣಾವಧಿ ಧರ್ಮಪ್ರಚಾರಕ್ಕೆ ನಿಂತ ಯುವಕ ಯುವತಿಯರ ದುಡಿಮೆ, ಕಲಿಕೆ, ಆರಾಧನೆ ಮತ್ತು ಬಿಡುವನ್ನು ಏಳು ದಿನಗಳ ಒಂದೇ ಚೌಕಟ್ಟಿಗೆ ಒಳಪಡಿಸುವ ವ್ಯವಸ್ಥೆ. ಬಗೆಬಗೆಯ ಕ್ರೈಸ್ತ ಪಂಥಗಳು ತರುಣರನ್ನು ಹೊರನಾಡಿಗೆ ಕಳುಹಿಸುತ್ತವೆ. ಆದರೆ ಈ ವ್ಯವಸ್ಥೆ ಅತ್ಯಂತ ಕ್ರಮಬದ್ಧವಾಗಿ ಬೆಳೆದಿರುವುದು ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರ ಕಚೇರಿಯುಳ್ಳ ದ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್ ಎಂಬ ಸಂಸ್ಥೆಯಲ್ಲಿ. ಜನರ ಬಾಯಲ್ಲಿ ಇದು ಮಾರ್ಮನ್ ಚರ್ಚ್. ಈ ಲೇಖನ ಆ ಸಂಸ್ಥೆಯ ಪದ್ಧತಿಯನ್ನು ವಿವರಿಸುತ್ತದೆ. ಪರದೇಶದ ನಿದರ್ಶನವಾಗಿ ಜಪಾನನ್ನು ತೆಗೆದುಕೊಳ್ಳುತ್ತದೆ.

ಇಲ್ಲಿ ‘ಸಭೆ’ ಎಂದರೆ ಮೇಲೆ ಹೇಳಿದ ಸಂಸ್ಥೆ. ‘ಮಿಷನರಿ’ ಎಂದರೆ ಸಭೆಯ ಪರವಾಗಿ ಸೇವೆಗೆ ಹೋದ ಅವಿವಾಹಿತ ತರುಣ ಅಥವಾ ತರುಣಿ. ಇವರನ್ನು ಕ್ರಮವಾಗಿ ಎಲ್ಡರ್, ಸಿಸ್ಟರ್ ಎಂದು ಕರೆಯುತ್ತಾರೆ. ‘ಮಿಷನ್’ ಎಂಬ ಪದ ಒಬ್ಬ ಮುಖ್ಯಸ್ಥನ ಆಡಳಿತಕ್ಕೆ ಸೇರಿದ ಭೂಪ್ರದೇಶವನ್ನು ಸೂಚಿಸುತ್ತದೆ. ‘ಜೊತೆಗಾರ’ ಎಂದರೆ ಸಭೆಯೇ ಗೊತ್ತುಮಾಡಿದ, ಒಂದೇ ಮನೆಯಲ್ಲಿದ್ದು ಒಟ್ಟಿಗೆ ದುಡಿಯಬೇಕಾದ ಇನ್ನೊಬ್ಬ ಮಿಷನರಿ. ‘ತಯಾರಿ ದಿನ’ ಎಂದರೆ ಪ್ರಚಾರಕ್ಕೆ ಬಿಡುವಿದ್ದು ಸ್ವಂತ ಕೆಲಸಗಳಿಗೆ ಮೀಸಲಾದ ದಿನ.

ಎರಡು ವರ್ಷದ ಈ ಸೇವೆಯ ನಿಜವಾದ ಅಳತೆಗೋಲು ವಾರ ಎಂಬುದು ಇಲ್ಲಿ ನಿರೂಪಿಸಹೊರಟ ಪ್ರಮೇಯ. ದೈವಶಾಸ್ತ್ರದಲ್ಲಿ ಪದವಿ ಪಡೆಯದ, ಆ ದೇಶದ ಭಾಷೆ ಸರಿಯಾಗಿ ಬಾರದ, ಮೇಲಧಿಕಾರಿ ಕಣ್ಣಳತೆಯಲ್ಲಿಲ್ಲದ ಹದಿನೆಂಟು ಹತ್ತೊಂಬತ್ತು ವಯಸ್ಸಿನವರು ಪರಸ್ಥಳದಲ್ಲಿ ಕೆಲಸ ನಡೆಸಿಕೊಂಡು ಹೋಗುತ್ತಾರೆಂದರೆ, ಅದಕ್ಕೆ ಅವರ ಉತ್ಸಾಹವಷ್ಟೇ ಕಾರಣವಲ್ಲ. ಅನುಭವಸ್ಥ ಮೇಲ್ವಿಚಾರಕ ಮಾಡಬೇಕಾದ ಕೆಲಸದ ಬಹುಭಾಗವನ್ನು ಅಲ್ಲಿ ವಾರದ ಕಟ್ಟು ಮಾಡುತ್ತದೆ. ಸೇವೆಯ ಚರಿತ್ರೆ, ರಚನೆ ಮತ್ತು ಇತ್ತೀಚಿನ ಬದಲಾವಣೆಗಳು ಇದಕ್ಕೆ ಆಧಾರ ಒದಗಿಸುತ್ತವೆ.

ಹುಟ್ಟು ಮತ್ತು ಬೆಳವಣಿಗೆ

ಜೋಸೆಫ್ ಸ್ಮಿತ್ 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದ ಫೇಯೆಟ್‌ನಲ್ಲಿ ಸಭೆಯನ್ನು ಸ್ಥಾಪಿಸಿದ. ಅದೇ ವರ್ಷ ಅವನ ತಮ್ಮ ಸ್ಯಾಮ್ಯುಯೆಲ್ ಸ್ಮಿತ್ ‘ಬುಕ್ ಆಫ್ ಮಾರ್ಮನ್’ ಗ್ರಂಥದ ಪ್ರತಿಗಳನ್ನು ಹೊತ್ತು ಊರೂರು ನಡೆದ. 1837ರಲ್ಲಿ ಹೀಬರ್ ಸಿ. ಕಿಂಬಲ್ ಮತ್ತು ಸಂಗಡಿಗರು ಇಂಗ್ಲೆಂಡಿನ ಪ್ರೆಸ್ಟನ್‌ನಲ್ಲಿ ಪ್ರಚಾರ ಆರಂಭಿಸಿದರು. 1850ರ ದಶಕದಲ್ಲಿ ಕೆಲವರು ಕಲ್ಕತ್ತಕ್ಕೂ ಬಂದರು. ಅವರ ಪ್ರಯತ್ನ ಅಲ್ಲಿ ಬೇರೂರದೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಆ ಕಾಲದ ಮಿಷನರಿಗಳಲ್ಲಿ ಬಹಳ ಮಂದಿ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಹೊರಟ ಗೃಹಸ್ಥರು. ಜೇಬಿನಲ್ಲಿ ಹಣವಿಲ್ಲದೆ, ಕಂಡವರ ಮನೆಯಲ್ಲಿ ಉಂಡು, ಅಲ್ಲೇ ಮಲಗಿ ಮುಂದಿನ ಊರಿಗೆ ಸಾಗುವುದು ರೂಢಿಯಾಗಿತ್ತು. ಇಂಥವರ ಬದುಕಿನಲ್ಲಿ ಭಾನುವಾರಕ್ಕೆ ಸ್ಥಾನವಿತ್ತು, ಉಳಿದ ಆರು ದಿನಗಳಿಗೆ ಒಂದೇ ಮಾದರಿ ಎಂಬುದಿರಲಿಲ್ಲ. ಒಂಟಿ ಮಹಿಳೆಯರನ್ನು ಅಧಿಕೃತ ಪ್ರಚಾರಕರಾಗಿ ಮೊದಲು ಕಳುಹಿಸಿದ್ದು 1898ರಲ್ಲಿ. ಐನೆಜ್ ನೈಟ್ ಮತ್ತು ಜೆನ್ನಿ ಬ್ರಿಮ್‌ಹಾಲ್ ಇಂಗ್ಲೆಂಡಿಗೆ ಹೋದರು.

ಜಪಾನಿನ ಮೊದಲ ಅಧ್ಯಾಯ ಹಳೆಯ ಪದ್ಧತಿಯ ಬಲವನ್ನೂ ಮಿತಿಯನ್ನೂ ತೋರಿಸುತ್ತದೆ. ಮುಂದೆ ಸಭೆಯ ಅಧ್ಯಕ್ಷನಾದ ಹೀಬರ್ ಜೆ. ಗ್ರಾಂಟ್ ಮೂವರು ಸಂಗಡಿಗರೊಂದಿಗೆ 1901ರ ಆಗಸ್ಟ್ 12ರಂದು ಯೊಕೊಹಾಮದಲ್ಲಿ ಇಳಿದ. ಅವರಲ್ಲಿ ಆಲ್ಮಾ ಟೇಲರ್‌ಗೆ ಹತ್ತೊಂಬತ್ತು ವರ್ಷ. ಭಾಷೆ ಕಲಿಸುವ ಶಾಲೆಯಾಗಲಿ, ಪಾಠಕ್ರಮವಾಗಲಿ ಸಭೆಯ ಬಳಿ ಇರಲಿಲ್ಲ. ಟೇಲರ್ ಜಪಾನಿ ಭಾಷೆಯನ್ನು ಅಲ್ಲೇ ಕಲಿತು, 1910ರವರೆಗೂ ಉಳಿದು, 1909ರಲ್ಲಿ ಪ್ರಕಟವಾದ ಬುಕ್ ಆಫ್ ಮಾರ್ಮನ್‌ನ ಜಪಾನಿ ಅನುವಾದವನ್ನು ಮಾಡಿದ. ಹೀಗೆ ಒಬ್ಬನ ಎಂಟೂವರೆ ವರ್ಷ ಆ ಅನುವಾದಕ್ಕೆ ಆಧಾರವಾಯಿತು. ಆದರೆ ಸೇವೆಗೆ ಬಂದವರೆಲ್ಲ ಅಷ್ಟು ಕಾಲ ಉಳಿಯುವಂತಿರಲಿಲ್ಲ. ಇಪ್ಪತ್ತಮೂರು ವರ್ಷಗಳಲ್ಲಿ ದೀಕ್ಷಾಸ್ನಾನ ಪಡೆದವರ ಸಂಖ್ಯೆ ಇನ್ನೂರನ್ನೂ ಮುಟ್ಟಲಿಲ್ಲ. 1924ರಲ್ಲಿ ಮಿಷನ್ ಮುಚ್ಚಿತು, ಎರಡನೆಯ ಮಹಾಯುದ್ಧ ಮುಗಿದ ಮೇಲೆ 1948ರಲ್ಲಿ ಮತ್ತೆ ತೆರೆಯಿತು.

ಯುದ್ಧಾನಂತರ ಸೇವೆ ಹೆಚ್ಚು ಹೆಚ್ಚಾಗಿ ಅವಿವಾಹಿತ ತರುಣರದಾಯಿತು, ಅವಧಿ ನಿಗದಿಯಾಯಿತು. 1952ರಲ್ಲಿ ಎಲ್ಲ ಮಿಷನ್‌ಗಳಿಗೂ ಅನ್ವಯಿಸುವ ಪಾಠಕ್ರಮ ಬಂತು. 1961ರಲ್ಲಿ ಯೂಟಾದ ಪ್ರೊವೊದಲ್ಲಿ ಮಿಷನರಿಗಳಿಗೆ ಭಾಷೆ ಕಲಿಸುವ ಸಂಸ್ಥೆ ಆರಂಭವಾಯಿತು. 1978ರಿಂದ ಅದಕ್ಕೆ ಮಿಷನರಿ ತರಬೇತಿ ಕೇಂದ್ರ ಎಂಬ ಹೆಸರು. ಕಂಠಪಾಠದ ಒಪ್ಪಿಸುವಿಕೆಗಿಂತ ಕೇಳುಗನಿಗೆ ತಕ್ಕ ವಿವರಣೆಗೆ ಒತ್ತು ಕೊಟ್ಟ ‘ಪ್ರೀಚ್ ಮೈ ಗಾಸ್ಪೆಲ್’ ಎಂಬ ಕೈಪಿಡಿ 2004ರಲ್ಲಿ ಬಂತು, ಅದರ ಎರಡನೆಯ ಆವೃತ್ತಿ 2023ರಲ್ಲಿ ಹೊರಬಿತ್ತು. ಈ ಬೆಳವಣಿಗೆಗಳ ನಡುವೆ ಕಾರಣ-ಪರಿಣಾಮದ ಸಂಬಂಧವಿದೆ. ಟೇಲರ್ ವರ್ಷಗಳಲ್ಲಿ ಗಳಿಸಿದ್ದನ್ನು ಹೊಸ ಮಿಷನರಿ ಕೆಲವೇ ತಿಂಗಳಲ್ಲಿ ಗಳಿಸಬೇಕು. ಯುವಕರಿಗೆ 24 ತಿಂಗಳು, ಯುವತಿಯರಿಗೆ 18 ತಿಂಗಳು ಎಂಬ ಇಂದಿನ ಅವಧಿ ವಾರಗಳಲ್ಲಿ ಹೇಳಿದರೆ ಸುಮಾರು 104 ಮತ್ತು 78. ಕಾಲ ಕಿರಿದಾದಷ್ಟೂ, ವಯಸ್ಸು ಇಳಿದಷ್ಟೂ, ಒಂದೊಂದು ವಾರದ ಮೇಲೂ ಹೆಚ್ಚು ಹೊರೆ ಬಿತ್ತು.

ವಾರದ ರಚನೆ

ದಿನಚರಿಯ ಎರಡು ತುದಿಗಳು ಬಹುಕಾಲದಿಂದ ಗೊತ್ತಾಗಿವೆ: ಬೆಳಗ್ಗೆ ಆರೂವರೆಗೆ ಏಳುವುದು, ರಾತ್ರಿ ಹತ್ತೂವರೆಗೆ ಮಲಗುವುದು. ರೂಢಿಯ ಕ್ರಮದಲ್ಲಿ ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ, ಎಂಟರಿಂದ ಒಂದು ಗಂಟೆ ಒಬ್ಬರೇ ಧರ್ಮಗ್ರಂಥದ ಓದು, ಮುಂದಿನ ಗಂಟೆ ಜೊತೆಗಾರನೊಂದಿಗೆ ಓದು, ಪರಭಾಷೆಯಲ್ಲಿ ದುಡಿಯುವವರಿಗೆ ಅದರ ಮೇಲೆ ಭಾಷಾಭ್ಯಾಸ. ಆಮೇಲೆ ಊಟದ ಹೊತ್ತನ್ನು ಬಿಟ್ಟು ರಾತ್ರಿ ಒಂಬತ್ತರವರೆಗೆ ಜನರ ಭೇಟಿ. 2017ರ ಆರಂಭದಲ್ಲಿ ಸಭೆ ಈ ಕ್ರಮವನ್ನು ಸಡಿಲಿಸಿ, ಸ್ಥಳೀಯ ಜನ ಯಾವಾಗ ಮನೆಯಲ್ಲಿ ಸಿಗುತ್ತಾರೆ ಎಂಬುದನ್ನು ನೋಡಿಕೊಂಡು ಓದಿನ ಹೊತ್ತನ್ನು ಹೊಂದಿಸಿಕೊಳ್ಳಲು ಅವಕಾಶ ಕೊಟ್ಟಿತು. ದಿನವನ್ನು ಹೀಗೆ ಅಲುಗಿಸಬಹುದಾಯಿತು. ವಾರಕ್ಕೊಮ್ಮೆ ನಡೆಯಲೇಬೇಕಾದ ಕೆಲಸಗಳು ಮಾತ್ರ ಹಾಗೆಯೇ ಉಳಿದವು.

ತಯಾರಿ ದಿನ ಸಾಮಾನ್ಯವಾಗಿ ಸೋಮವಾರ. ಅಂದು ಬಟ್ಟೆ ಒಗೆಯಬೇಕು, ದಿನಸಿ ತರಬೇಕು, ಮನೆ ಗುಡಿಸಿ ಒರೆಸಬೇಕು, ಕ್ಷೌರ ಮಾಡಿಸಬೇಕು, ಮನೆಗೆ ಬರೆಯಬೇಕು. ಆಟಕ್ಕೂ ಊರು ನೋಡಲಿಕ್ಕೂ ಹೊತ್ತು ಉಂಟು. ಜಪಾನಿನ ಪಟ್ಟಣವೊಂದರ ಚಿಕ್ಕ ಬಾಡಿಗೆ ಮನೆಯಲ್ಲಿ ಅಂದು ಬಾಲ್ಕನಿಯ ಕಂಬಿಗೆ ಬಿಳಿ ಅಂಗಿಗಳು ಒಣಗಲು ಬೀಳುತ್ತವೆ. ಸಂಜೆ ಆರಕ್ಕೆ ಬಿಡುವು ಮುಗಿಯುತ್ತದೆ. ಇಸ್ತ್ರಿಯಾದ ಅಂಗಿ ತೊಟ್ಟು, ಹೆಸರನ್ನೂ ಸಭೆಯ ಹೆಸರನ್ನೂ ಜಪಾನಿ ಲಿಪಿಯಲ್ಲಿ ಕೊರೆದ ಕಪ್ಪು ಬಿಲ್ಲೆಯನ್ನು ಜೇಬಿನ ಮೇಲೆ ಸಿಕ್ಕಿಸಿ, ಇಬ್ಬರೂ ಸೈಕಲ್ ಹತ್ತುತ್ತಾರೆ.

ವಾರದ ಮೊದಲ ಭಾಗದಲ್ಲಿ ಡಿಸ್ಟ್ರಿಕ್ಟ್ ಕೌನ್ಸಿಲ್ ಸೇರುತ್ತದೆ. ಅಕ್ಕಪಕ್ಕದ ಕೆಲವು ಜೋಡಿಗಳು ಕೂಡಿದರೆ ಒಂದು ಡಿಸ್ಟ್ರಿಕ್ಟ್, ಕೆಲವು ಡಿಸ್ಟ್ರಿಕ್ಟ್‌ಗಳು ಕೂಡಿದರೆ ಒಂದು ಜೋನ್. ಇವುಗಳ ನಾಯಕರೂ ಮಿಷನರಿಗಳೇ, ಅಂದರೆ ಇಪ್ಪತ್ತರ ಆಸುಪಾಸಿನವರೇ. ಮಿಷನ್‌ನ ಹೊಣೆ ಹೊತ್ತ ಹಿರಿಯ ದಂಪತಿ ಮೂರು ವರ್ಷಕ್ಕೆ ನೇಮಕವಾಗುತ್ತಾರೆ. ಪ್ರತಿ ಮಿಷನರಿ ಮುಖ್ಯಸ್ಥನಿಗೆ ವಾರಕ್ಕೊಂದು ಪತ್ರ ಬರೆಯುತ್ತಾನೆ. ನೂರಾರು ಕಿಲೋಮೀಟರ್ ಹರಡಿದ ಮಿಷನ್‌ನಲ್ಲಿ ಮುಖ್ಯಸ್ಥನಿಗೂ ಮೂಲೆಯ ಊರಿನ ಜೋಡಿಗೂ ನಡುವಿನ ತಪ್ಪದ ಕೊಂಡಿ ಆ ಪತ್ರ.

ವಾರದ ಯೋಜನೆಯ ಬೈಠಕ್ಕು ಈ ವ್ಯವಸ್ಥೆಯ ಹೃದಯಭಾಗ. ಹಿಂದಿನ ಕೈಪಿಡಿ ಇದಕ್ಕೆ ಗುರುವಾರ ಅಥವಾ ಶುಕ್ರವಾರವನ್ನು ಸೂಚಿಸಿತ್ತು. ಇಬ್ಬರು ಜೊತೆಗಾರರು ಮೇಜಿನ ಎರಡು ಬದಿಗೆ ಕೂತು, ತಾವು ಕಲಿಸುತ್ತಿರುವ ಒಬ್ಬೊಬ್ಬರ ಹೆಸರನ್ನೂ ಎತ್ತಿಕೊಳ್ಳುತ್ತಾರೆ. ಈತ ಕೊಟ್ಟ ಅಧ್ಯಾಯ ಓದಿದನೆ, ಭಾನುವಾರ ಬರುತ್ತೇನೆಂದ ಆಕೆಗೆ ಮಗುವನ್ನು ನೋಡಿಕೊಳ್ಳುವವರು ಯಾರು, ಈ ಮುದುಕರ ಮನೆಗೆ ಸದಸ್ಯರಲ್ಲಿ ಯಾರನ್ನು ಜೊತೆಗೆ ಕರೆದೊಯ್ಯಬೇಕು ಎಂದು ವಿಚಾರಿಸಿ, ಮುಂದಿನ ಏಳು ದಿನಕ್ಕೆ ಭೇಟಿಗಳನ್ನು ಗುರುತು ಹಾಕಿಕೊಳ್ಳುತ್ತಾರೆ. ಈ ವಿವರಗಳು ಮೊದಲು ದಪ್ಪ ಕಡತದಲ್ಲಿ ಇರುತ್ತಿದ್ದವು, ಈಗ ಫೋನಿನ ಆ್ಯಪ್‌ನಲ್ಲಿವೆ. ಕೊನೆಗೆ ಜೊತೆಗಾರರು ಪರಸ್ಪರರ ನಡವಳಿಕೆಯ ಬಗೆಗೆ ಮುಚ್ಚುಮರೆಯಿಲ್ಲದೆ ಮಾತಾಡಿ, ಮುನಿಸಿದ್ದರೆ ಬಗೆಹರಿಸಿಕೊಳ್ಳಬೇಕೆಂದು ಕೈಪಿಡಿ ಹೇಳುತ್ತದೆ. ಇಬ್ಬರೂ ಸದಾ ಒಬ್ಬರ ಕಣ್ಣಿಗೊಬ್ಬರು ಬೀಳುವಂತಿರಬೇಕೆಂಬ ನಿಯಮವಿರುವ ಕಡೆ, ವಾರಕ್ಕೊಮ್ಮೆಯಾದರೂ ಮನಸ್ಸು ತೊಳೆದುಕೊಳ್ಳದಿದ್ದರೆ ಕೆಲಸವೇ ನಿಲ್ಲುತ್ತದೆ.

ಭಾನುವಾರ ಸಬ್ಬತ್ ದಿನ. ರೊಟ್ಟಿ ಮತ್ತು ನೀರನ್ನು ಹಂಚುವ ಸಂಸ್ಕಾರ ಕೂಟ, ಅನಂತರ ತರಗತಿಗಳು. 2019ರ ಜನವರಿಯಲ್ಲಿ ಇವುಗಳ ಒಟ್ಟು ಅವಧಿಯನ್ನು ಮೂರು ಗಂಟೆಯಿಂದ ಎರಡು ಗಂಟೆಗೆ ಇಳಿಸಲಾಯಿತು. ವಾರವಿಡೀ ಮನೆಮನೆಗಳಲ್ಲಿ ನಡೆದ ಮಾತುಕತೆ ಫಲ ಕೊಟ್ಟಿತೇ ಎಂಬುದು ಅಂದು ಪ್ರಾರ್ಥನಾಲಯದ ಬಾಗಿಲಲ್ಲಿ ಗೊತ್ತಾಗುತ್ತದೆ: ಬರುತ್ತೇನೆಂದವರು ಬಂದಿರಬೇಕು. ಭಾನುವಾರ ರಾತ್ರಿ ವಾರದ ಅಂಕಿಗಳನ್ನು ಒಪ್ಪಿಸುವುದು ಬಹುಕಾಲದ ರೂಢಿ. ಒಂಬತ್ತು ಬಗೆಯಿದ್ದ ಈ ಲೆಕ್ಕವನ್ನು 2017ರಲ್ಲಿ ನಾಲ್ಕಕ್ಕೆ ಇಳಿಸಿದರು.

ಬಗೆಗಳು

ಸೇವೆಯ ಹಂತಕ್ಕೆ ತಕ್ಕಂತೆ ವಾರದ ಬಗೆ ಬೇರೆಯಾಗುತ್ತದೆ. ತರಬೇತಿ ಕೇಂದ್ರದ ವಾರ ಪೂರ್ತಿ ತರಗತಿಯದು. ಹೊಸ ಭಾಷೆ ಕಲಿಯಬೇಕಿಲ್ಲದವರಿಗೆ ಇದು ಎರಡು ಮೂರು ವಾರದಲ್ಲಿ ಮುಗಿದರೆ, ಜಪಾನಿಯಂಥ ಭಾಷೆಗೆ ಸುಮಾರು ಎರಡು ತಿಂಗಳು ಹಿಡಿಯುತ್ತದೆ. ಪರದೇಶಕ್ಕೆ ಇಳಿದ ಮೇಲಿನ ಮೊದಲ ಹನ್ನೆರಡು ವಾರ ಅನುಭವಿ ಜೊತೆಗಾರನ ಕೈಕೆಳಗೆ ಹೆಚ್ಚುವರಿ ಅಭ್ಯಾಸ ನಡೆಯುತ್ತದೆ. ಸ್ಥಳ ಬದಲಾವಣೆಯ ವಾರ ಆರು ವಾರಕ್ಕೊಮ್ಮೆ ಬರುತ್ತದೆ. ಅಂದು ಎಲ್ಲರೂ ಊರು ಬದಲಿಸುವುದಿಲ್ಲ. ಹೆಚ್ಚಾಗಿ ಜೋಡಿಯಲ್ಲಿ ಒಬ್ಬ ಪೆಟ್ಟಿಗೆ ಕಟ್ಟಿ ರೈಲು ಹತ್ತುತ್ತಾನೆ, ಊರಿನ ಪರಿಚಯವಿರುವ ಇನ್ನೊಬ್ಬ ಉಳಿದು ಹೊಸಬನನ್ನು ಎದುರುಗೊಳ್ಳುತ್ತಾನೆ. ಎರಡು ವರ್ಷದಲ್ಲಿ ಇಂಥ ಹದಿನೇಳರಷ್ಟು ಸುತ್ತುಗಳು ಆಗುತ್ತವೆ. ವ್ಯಕ್ತಿಗಳು ಹೀಗೆ ಅದಲುಬದಲಾಗುತ್ತಿದ್ದರೂ ಕೆಲಸದ ಎಳೆ ಕಡಿಯದಿರಲು ಕಾರಣ, ಒಬ್ಬ ಬಿಟ್ಟುಹೋದ ವಾರದ ಯೋಜನೆಯನ್ನು ಇನ್ನೊಬ್ಬ ಅದೇ ಮಾದರಿಯಲ್ಲಿ ಮುಂದುವರಿಸಬಲ್ಲ ಎಂಬುದು.

ದೇಶದ ಕಾನೂನು ಕೂಡ ವಾರದ ಬಗೆಯನ್ನು ನಿರ್ಧರಿಸುತ್ತದೆ. ರಷ್ಯಾದಲ್ಲಿ 2016ರ ಜುಲೈ 20ರಿಂದ ಜಾರಿಗೆ ಬಂದ ಕಾನೂನು ಬೀದಿಯಲ್ಲೂ ಖಾಸಗಿ ಮನೆಗಳಲ್ಲೂ ಮತಪ್ರಚಾರವನ್ನು ನಿರ್ಬಂಧಿಸಿತು. ಸಭೆ ಅಲ್ಲಿನ ಮಿಷನರಿಗಳನ್ನು ಸ್ವಯಂಸೇವಕರೆಂದು ಕರೆದು, ಅವರ ಕೆಲಸವನ್ನು ಆ ಕಾನೂನಿಗೆ ಹೊಂದಿಸಿತು. ಆರೋಗ್ಯ ಮುಂತಾದ ಕಾರಣಗಳಿಂದ ಊರು ಬಿಡಲಾಗದವರಿಗೆ, ಮನೆಯಲ್ಲೇ ಇದ್ದು ಸಮಾಜಸೇವಾ ಸಂಸ್ಥೆಗಳಲ್ಲಿ ದುಡಿಯುವ ಸೇವಾ ಮಿಷನರಿ ಎಂಬ ಬಗೆಯೂ ಇದೆ.

ಉಪಯೋಗಗಳು

ಮಿಷನರಿ ವಾರದ ಘೋಷಿತ ಗುರಿ ಕೇಳುಗರನ್ನು ದೀಕ್ಷಾಸ್ನಾನದವರೆಗೆ ಕರೆತರುವುದು. ಆದರೆ ಅದರ ಕಾರ್ಯ ಅಷ್ಟಕ್ಕೇ ನಿಲ್ಲುವುದಿಲ್ಲ. ಭಾಷಾಭ್ಯಾಸದ ಸಾಧನವಾಗಿ ಅದು ಬಲವಾದದ್ದು: ಬೆಳಗ್ಗೆ ಕಲಿತ ವಾಕ್ಯವನ್ನು ಮಧ್ಯಾಹ್ನವೇ ಅಪರಿಚಿತರ ಎದುರು ಆಡಬೇಕಾಗುತ್ತದೆ. ಜಪಾನಿನಲ್ಲಿ ವಾರಕ್ಕೊಮ್ಮೆ ನಡೆಸುವ ಉಚಿತ ಇಂಗ್ಲಿಷ್ ಸಂಭಾಷಣೆಯ ತರಗತಿ ಊರಿನವರೊಂದಿಗೆ ಗುರುತು ಬೆಳೆಸುವ ಮುಖ್ಯ ದಾರಿ. ಸ್ಥಳೀಯ ಶಿಷ್ಟಾಚಾರದ ಪಾಠವೂ ಹೀಗೇ ಸಿಗುತ್ತದೆ. ಸಭೆಯ ಆರೋಗ್ಯ ನಿಯಮ ಚಹಾ, ಕಾಫಿ, ಮದ್ಯ, ತಂಬಾಕುಗಳನ್ನು ನಿಷೇಧಿಸುತ್ತದೆ. ಹಸಿರು ಚಹಾವೂ ಇದರಲ್ಲಿ ಸೇರಿದೆ. ಮನೆಗೆ ಬಂದವರಿಗೆ ಮೊದಲು ಚಹಾದ ಬಟ್ಟಲು ಮುಂದಿಡುವ ನಾಡಿನಲ್ಲಿ ಮನೆಯೊಡತಿಯ ಮನಸ್ಸು ನೋಯದಂತೆ ಅದನ್ನು ಬೇಡವೆನ್ನಲು, ಹುರಿದ ಬಾರ್ಲಿಯ ಮುಗಿಚವನ್ನು ವಿನಯದಿಂದ ಕೇಳಿ ಪಡೆಯಲು ಕಲಿಯುವುದು ವ್ಯಾಕರಣಕ್ಕಿಂತ ಸುಲಭವಲ್ಲ.

ಎಲ್ಲಕ್ಕಿಂತ ದೊಡ್ಡ ಉಪಯೋಗ ಮಿಷನರಿಯ ಮೇಲೆ ಆಗುವ ಪರಿಣಾಮ. ಸಮಾಜಶಾಸ್ತ್ರಜ್ಞರಾದ ರಾಡ್ನಿ ಸ್ಟಾರ್ಕ್ ಮತ್ತು ವಿಲಿಯಂ ಬೇನ್‌ಬ್ರಿಜ್ 1980ರಲ್ಲಿ ಪ್ರಕಟಿಸಿದ ಅಧ್ಯಯನ, ವಾಷಿಂಗ್ಟನ್ ರಾಜ್ಯದ ಮಿಷನ್ ಒಂದರ ದಾಖಲೆಗಳನ್ನು ಆಧರಿಸಿ, ಪರಿಚಯವಿಲ್ಲದ ಮನೆಗಳ ಬಾಗಿಲು ತಟ್ಟುವುದರಿಂದ ಸಾವಿರದಲ್ಲಿ ಒಂದರಷ್ಟು ಫಲವಿದ್ದರೆ, ಸದಸ್ಯನಾದ ಸ್ನೇಹಿತ ಅಥವಾ ಬಂಧುವಿನ ಮನೆಯಲ್ಲಿ ಭೇಟಿ ಏರ್ಪಟ್ಟಾಗ ಅರ್ಧದಷ್ಟು ಮಂದಿ ಸೇರುತ್ತಾರೆಂದು ತೋರಿಸಿತು. ಮತಾಂತರ ಸ್ನೇಹದ ಎಳೆಗಳ ಮೂಲಕ ಆಗುತ್ತದೆ ಎಂಬುದು ಅದರ ತೀರ್ಮಾನ. ಹಾಗಿದ್ದೂ ವಾರದ ಬಹುಪಾಲು ಗಂಟೆಗಳು ನಿರಾಕರಣೆಯಲ್ಲೇ ಕಳೆಯುತ್ತವೆ ಎಂದಾದರೆ, ಆ ಗಂಟೆಗಳು ಉತ್ಪಾದಿಸುವುದು ಏನನ್ನು ಎಂಬ ಪ್ರಶ್ನೆ ಏಳುತ್ತದೆ. ಸಭೆಯಲ್ಲಿ ಸಂಬಳ ಪಡೆಯುವ ಸ್ಥಳೀಯ ಪಾದ್ರಿಗಳಿಲ್ಲ. ಊರಿನ ಸಭೆಯನ್ನು ನಡೆಸುವವರು ಬೇರೆ ವೃತ್ತಿಯಲ್ಲಿರುವ ಸಾಮಾನ್ಯ ಸದಸ್ಯರು. ಅಂಥವರಿಗೆ ಬೇಕಾದ ಅಭ್ಯಾಸಗಳೆಂದರೆ ಯೋಜಿಸುವುದು, ಕಲಿಸುವುದು, ಭೇಟಿಗೆ ಹೋಗುವುದು, ಲೆಕ್ಕ ಒಪ್ಪಿಸುವುದು, ಹೊಂದಿಕೆಯಾಗದವರೊಡನೆ ದುಡಿಯುವುದು. ಮಿಷನರಿ ವಾರ ನೂರು ಸಲ ಮರುಕಳಿಸಿ ಬೆಳೆಸುವುದು ಇವನ್ನೇ.

ಆಕ್ಷೇಪಗಳು ಮತ್ತು ಸಮಾಧಾನ

ವಾರದ ಲೆಕ್ಕದಲ್ಲಿ ಬದುಕುವುದು ಸಂಬಳಕ್ಕೆ ದುಡಿಯುವ ಎಲ್ಲರಿಗೂ ಸಾಮಾನ್ಯ, ಇದರಲ್ಲಿ ವಿಶೇಷವೇನು ಎಂಬುದು ಮೊದಲ ಆಕ್ಷೇಪ. ವ್ಯತ್ಯಾಸ ಇರುವುದು ವಾರ ಎಷ್ಟನ್ನು ಒಳಗೊಳ್ಳುತ್ತದೆ ಎಂಬುದರಲ್ಲಿ. ನೌಕರನ ವಾರ ಕಚೇರಿಯ ಬಾಗಿಲಲ್ಲಿ ಮುಗಿದು ಅವನ ಸ್ವಂತ ಬದುಕು ಆರಂಭವಾಗುತ್ತದೆ. ಮಿಷನರಿಯ ನಿದ್ದೆ, ಉಡುಪು, ಸಂಗಾತಿ, ಬಿಡುವು, ಮನೆಯವರೊಂದಿಗಿನ ಮಾತು ಎಲ್ಲಕ್ಕೂ ವಾರದಲ್ಲಿ ಗೊತ್ತಾದ ಜಾಗವಿದೆ. 2019ರ ಫೆಬ್ರವರಿಯವರೆಗೆ ಮನೆಗೆ ದೂರವಾಣಿ ಕರೆ ಮಾಡಲು ವರ್ಷಕ್ಕೆ ಎರಡೇ ಅವಕಾಶ: ಕ್ರಿಸ್‌ಮಸ್ ಮತ್ತು ತಾಯಂದಿರ ದಿನ. ಆಮೇಲೆ ವಾರಕ್ಕೊಮ್ಮೆ ಕರೆಗೂ ವಿಡಿಯೊ ಮಾತಿಗೂ ಅನುಮತಿ ಬಂತು, ಅದೂ ತಯಾರಿ ದಿನದಂದು. ಸಡಿಲಿಕೆ ಕೂಡ ವಾರದ ಅಳತೆಯಲ್ಲೇ ಬಂದದ್ದು ಗಮನಾರ್ಹ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಇಷ್ಟು ಬಿಗಿಯಾದ ಕಟ್ಟು ತರುಣ ಮನಸ್ಸಿನ ಮೇಲೆ ಹಿಡಿತ ಸಾಧಿಸುತ್ತದೆ, ಅಂಕಿಗಳ ಒತ್ತಡ ಹೇರುತ್ತದೆ, ಕುಗ್ಗಿದವನಿಗೆ ಒಬ್ಬನೇ ಕೂರಲು ಎಡೆಯಿಲ್ಲದಂತೆ ಮಾಡುತ್ತದೆ. ಇದನ್ನು ತಳ್ಳಿಹಾಕಲಾಗದು. 2013ರಲ್ಲಿ ಸಭೆಯೇ ಸೇವೆಯ ಮಾನಸಿಕ ಒತ್ತಡಗಳನ್ನು ನಿಭಾಯಿಸಲು ಪುಸ್ತಿಕೆಯೊಂದನ್ನು ಹೊರತಂದಿತು. 2017 ಮತ್ತು 2019ರ ಸಡಿಲಿಕೆಗಳು ಅದೇ ದಾರಿಯವು. ಆದರೆ ಪರಭಾಷೆಯ ಊರಿನಲ್ಲಿ ಮೊದಲ ಸಲ ಮನೆ ಬಿಟ್ಟವರಿಗೆ ಕಟ್ಟು ಎಂಬುದೇ ಇಲ್ಲದಿದ್ದರೆ ಒಂಟಿತನ ಕಡಿಮೆಯಾಗುತ್ತಿತ್ತೆಂದು ಹೇಳಲು ಆಧಾರವಿಲ್ಲ. ಗೊತ್ತಾದ ದಿನ ಗೊತ್ತಾದವರೊಂದಿಗೆ ಮಾತು, ವಾರಕ್ಕೊಮ್ಮೆ ಹಿರಿಯರಿಗೆ ಪತ್ರ, ಸೋಮವಾರ ತಾಯಿಯ ದನಿ ಇವು ಹಿಡಿತವೂ ಹೌದು, ಆಸರೆಯೂ ಹೌದು. ಆದ್ದರಿಂದ ನ್ಯಾಯವಾದ ಪ್ರಶ್ನೆ ವಾರದ ಕಟ್ಟು ಬೇಕೇ ಬೇಡವೇ ಎಂಬುದಕ್ಕಿಂತ, ಅದನ್ನು ಯಾರು ಎಷ್ಟು ಸಡಿಲಿಸಿಕೊಳ್ಳಬಹುದು ಎಂಬುದು.

ಮೂರನೆಯ ಆಕ್ಷೇಪ ಕನ್ನಡ ಓದುಗರಿಗೆ ಸಹಜವಾಗಿ ತೋಚುವಂಥದು. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್‌ನ ಪ್ರಚಾರಕರು 1834ರಲ್ಲಿ ಮಂಗಳೂರಿಗೆ ಬಂದರು. ಹರ್ಮನ್ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್‌ಗೆ ಆಗ ಇಪ್ಪತ್ತೊಂದು ವರ್ಷ. ಅವನ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ. ವಯಸ್ಸಿನಲ್ಲಿ ಅವನೂ ಇಂದಿನ ಮಿಷನರಿಗಳ ಓರಗೆಯವನೇ. ನೂರು ವಾರದಲ್ಲಿ ಊರಿಂದೂರಿಗೆ ತಿರುಗಿ ಮರಳುವವರಿಂದ ನಾಡಿಗೆ ಇಂಥ ಕೊಡುಗೆ ಸಾಧ್ಯವೇ ಎಂದು ಕೇಳಿದರೆ, ಸಾಧ್ಯವಿಲ್ಲ ಎಂಬುದೇ ಪ್ರಾಮಾಣಿಕ ಉತ್ತರ. ನಾಲ್ಕು ದಶಕದ ಫಲವನ್ನು ಎರಡು ವರ್ಷ ಕೊಡಲಾರದು; ಜಪಾನಿನಲ್ಲಿ ಟೇಲರ್‌ನ ಅನುವಾದವೂ ದೀರ್ಘ ವಾಸದಿಂದಲೇ ಬಂತು. ಆದರೆ ಈ ಹೋಲಿಕೆ ಮೂಲ ಪ್ರಮೇಯವನ್ನು ಗಟ್ಟಿಗೊಳಿಸುತ್ತದೆ. ಬಾಸೆಲ್ ಮಿಷನ್ ಆಯ್ದ ಕೆಲವರನ್ನು ವರ್ಷಗಟ್ಟಲೆ ಓದಿಸಿ, ಅವರ ಬಾಳನ್ನೇ ಒಂದು ನಾಡಿಗೆ ಕಟ್ಟಿತು. ಈ ಸಭೆ ಅಪಾರ ಸಂಖ್ಯೆಯ ಸಾಮಾನ್ಯ ತರುಣರನ್ನು ಅಲ್ಪಕಾಲಕ್ಕೆ ಕಳುಹಿಸಿ, ಮರಳಿ ಅವರವರ ಊರಿಗೆ ಕರೆಸಿಕೊಳ್ಳುತ್ತದೆ. ಮೊದಲನೆಯದಕ್ಕೆ ವ್ಯಕ್ತಿಯ ಪಾಂಡಿತ್ಯ ಆಧಾರ, ಎರಡನೆಯದಕ್ಕೆ ಯಾರ ಕೈಗೆ ಕೊಟ್ಟರೂ ನಡೆಯುವ ವಾರ.

ಇಂದಿನ ಸ್ಥಿತಿ

2024ರ ಕೊನೆಗೆ ಸಭೆಯ ಬೋಧಕ ಮಿಷನರಿಗಳ ಸಂಖ್ಯೆ 74,000 ದಾಟಿತ್ತು, ಮಿಷನ್‌ಗಳು 450 ಇದ್ದವು. ಕನಿಷ್ಠ ವಯಸ್ಸನ್ನು 2012ರ ಅಕ್ಟೋಬರ್‌ನಲ್ಲಿ ಯುವಕರಿಗೆ 19ರಿಂದ 18ಕ್ಕೆ, ಯುವತಿಯರಿಗೆ 21ರಿಂದ 19ಕ್ಕೆ ಇಳಿಸಲಾಯಿತು. 2025ರ ನವೆಂಬರ್‌ನಲ್ಲಿ ಯುವತಿಯರಿಗೂ 18 ಎಂದಾಯಿತು. ಸೇವೆಗೆ ಸಂಬಳವಿಲ್ಲ. ಖರ್ಚನ್ನು ಮಿಷನರಿ ಮತ್ತು ಕುಟುಂಬದವರು ಭರಿಸುತ್ತಾರೆ. ಅಮೆರಿಕದವರಿಗೆ 2020ರ ಜುಲೈಯಿಂದ ತಿಂಗಳಿಗೆ 500 ಡಾಲರ್ ನಿಗದಿಯಾಯಿತು, ಯಾವ ದೇಶಕ್ಕೆ ಹೋದರೂ ಮೊತ್ತ ಅಷ್ಟೇ. 2018ರ ಕೊನೆಯಲ್ಲಿ ಯುವತಿಯರಿಗೆ ಪ್ಯಾಂಟ್ ಧರಿಸಲು ಅನುಮತಿ ಸಿಕ್ಕಿತು.

ಭಾರತದಲ್ಲಿ ಬೆಂಗಳೂರು ಮಿಷನ್ 1993ರಲ್ಲಿ, ನವದೆಹಲಿ ಮಿಷನ್ 2007ರಲ್ಲಿ ಆರಂಭವಾದವು. ಬೆಂಗಳೂರಿನಲ್ಲಿ ದೇವಾಲಯ ಕಟ್ಟುವ ನಿರ್ಧಾರವನ್ನು ಸಭೆ 2018ರ ಏಪ್ರಿಲ್‌ನಲ್ಲಿ ಪ್ರಕಟಿಸಿ, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಗೆ ಸಮಾನವಾದ ವಿಧಿ ನಡೆಸಿತು. ಸಂವಿಧಾನದ 25ನೆಯ ವಿಧಿ ಧರ್ಮಪ್ರಚಾರದ ಹಕ್ಕನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳ ಮಿತಿಗೆ ಒಳಪಡಿಸಿ ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಅಡಕವಾಗಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲಿ ತೀರ್ಪಿತ್ತಿತು. ಇಲ್ಲಿ ದುಡಿಯುವ ಮಿಷನರಿಯ ವಾರ ಈ ಗೆರೆಯೊಳಗೆ ಸಾಗಬೇಕು.

ವ್ಯವಸ್ಥೆಯ ಕಠಿಣ ಪರೀಕ್ಷೆ 2020ರ ಮಾರ್ಚ್‌ನಲ್ಲಿ ಬಂತು. ಕೋವಿಡ್ ಹರಡಿದಾಗ ಪರದೇಶಗಳಲ್ಲಿದ್ದ ಸಾವಿರಾರು ಮಿಷನರಿಗಳನ್ನು ತಾಯ್ನಾಡಿಗೆ ಕರೆಸಲಾಯಿತು, ತರಬೇತಿ ಆನ್‌ಲೈನ್‌ಗೆ ಹೋಯಿತು, ಬಾಗಿಲು ತಟ್ಟುವುದು ನಿಂತಿತು. ಬೀದಿ, ಸೈಕಲ್, ಪ್ರಾರ್ಥನಾಲಯ ಮೂರೂ ತಪ್ಪಿಹೋದಾಗ ಬಾಡಿಗೆ ಮನೆಯೊಳಗೆ ಉಳಿದದ್ದು ಇಬ್ಬರು ಜೊತೆಗಾರರು, ಒಂದು ಫೋನ್ ಮತ್ತು ವಾರದ ಯೋಜನೆ. ಭೇಟಿಗಳು ವಿಡಿಯೊ ಕರೆಗಳಾದವು, ಡಿಸ್ಟ್ರಿಕ್ಟ್ ಕೌನ್ಸಿಲ್ ಪರದೆಯ ಮೇಲೆ ಸೇರಿತು, ತಯಾರಿ ದಿನ ತನ್ನ ದಿನಕ್ಕೇ ಬಂತು. ಅಂದು ರೂಢಿಗೆ ಬಂದ ಆನ್‌ಲೈನ್ ಕೆಲಸ ಅನಂತರವೂ ಮುಂದುವರಿದಿದೆ. ಅನೇಕ ಹೊಸಬರು ತರಬೇತಿಯ ಆರಂಭದ ದಿನಗಳನ್ನು ಈಗ ಮನೆಯಿಂದಲೇ ಮುಗಿಸುತ್ತಾರೆ. ವಯಸ್ಸು, ಉಡುಪು, ಗಂಟೆಗಳ ಹಂಚಿಕೆ, ಕರೆಯ ನಿಯಮ, ಲೆಕ್ಕದ ಕಲಮುಗಳು ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಬದಲಾಗಿವೆ. ತಯಾರಿ ದಿನ, ಕೌನ್ಸಿಲ್, ಯೋಜನೆ, ಸಬ್ಬತ್ ಎಂಬ ನಾಲ್ಕು ಗೂಟಗಳ ಮೇಲೆ ನಿಂತ ವಾರ ಈ ಯಾವ ಬದಲಾವಣೆಯಲ್ಲೂ ಕದಲಿಲ್ಲ.